ಮನೆಮಟ್ಟದಲ್ಲಿ ಟೊಮ್ಯಾಟೊ ಸಾಸ್ ತಯಾರಿಕೆ ಮತ್ತು ಬಾಟಲೀಕರಣ: ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲ್ಲೂಕುಗಳ ರೈತರಿಗೆ ಸಲಹೆಗಳು

ಪೀಠಿಕೆ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳಲ್ಲಿ ಘಟಪ್ರಭಾ ನದಿ, ಹಿಡಕಲ್ ಜಲಾಶಯದ ಕಾಲುವೆಗಳು ಹಾಗೂ ಕೊಳವೆಬಾವಿಗಳ ನೀರಿನ ಆಸರೆಯಲ್ಲಿ ಕಬ್ಬು, ಗೋವಿನಜೋಳಗಳ ಜೊತೆಗೆ ತರಕಾರಿಗಳನ್ನೂ ಬೆಳೆಯಲಾಗುತ್ತಿದೆ. ಇವುಗಳಲ್ಲಿ ಟೊಮ್ಯಾಟೊ ಬಹುಬೇಗ ಕೆಡುವ ಬೆಳೆ. ಮಾರುಕಟ್ಟೆಗೆ ಒಮ್ಮೆಲೇ ಹೆಚ್ಚು ಮಾಲು ಬಂದಾಗ ಕೊಯ್ಲಿನ ಕೂಲಿ ಮತ್ತು ಸಾಗಾಣಿಕೆಯ ಖರ್ಚು ಕೂಡ ಹುಟ್ಟುವುದಿಲ್ಲ. ಅಂತಹ ಸಮಯದಲ್ಲಿ ಸ್ವಲ್ಪ ಭಾಗವನ್ನಾದರೂ ಸಾಸ್ ರೂಪದಲ್ಲಿ ಕಾಯ್ದಿರಿಸಬಹುದು. ಆದರೆ 10 ಕಿ.ಗ್ರಾಂ ಹಣ್ಣಿನಿಂದ ದೊರೆಯುವ ಸಾಸ್ ಸುಮಾರು ಮೂರೂವರೆಯಿಂದ ನಾಲ್ಕು ಕಿ.ಗ್ರಾಂ ಮಾತ್ರ, ಇದಕ್ಕೆ ಹಲವು ಗಂಟೆಗಳ ಉರುವಲು ಮತ್ತು ದುಡಿಮೆ ಬೇಕು. ಆದ್ದರಿಂದ ಇದು ಮಾರುಕಟ್ಟೆಗೆ ಬದಲಿಯಲ್ಲ. ಮನೆಬಳಕೆಗೆ ಮತ್ತು ಸ್ವಸಹಾಯ ಸಂಘಗಳ ಸಣ್ಣ ಉದ್ಯಮಕ್ಕೆ ತಕ್ಕ ವಿಧಾನ.

ಆಮ್ಲೀಯತೆ ಏಕೆ ಮುಖ್ಯ?

ಗಾಳಿಯಾಡದಂತೆ ಮುಚ್ಚಿದ ಬಾಟಲಿಯಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಎಂಬ ಸೂಕ್ಷ್ಮಾಣು ಬೆಳೆದು ಪ್ರಾಣಾಂತಿಕ ವಿಷವನ್ನು ಉತ್ಪಾದಿಸಬಲ್ಲದು. ಅದರ ಬೀಜಕಣಗಳು ಕುದಿಯುವ ನೀರಿನಲ್ಲಿಯೂ ಸಾಯುವುದಿಲ್ಲ, ಆದರೆ ರಸಸಾರ (ಪಿ.ಎಚ್.) 4.6 ಅಥವಾ ಅದಕ್ಕಿಂತ ಕಡಿಮೆ ಇರುವಲ್ಲಿ ಬೆಳೆಯಲಾರವು. ಟೊಮ್ಯಾಟೊ ಈ ಎಲ್ಲೆಯ ಸಮೀಪದ ಹಣ್ಣು. ಅತಿಯಾಗಿ ಮಾಗಿದಾಗ ಅಥವಾ ಶಿಲೀಂಧ್ರ ತಗುಲಿದಾಗ ಅದರ ಹುಳಿ ಇಳಿಯುತ್ತದೆ. ಈರುಳ್ಳಿ, ಬೆಳ್ಳುಳ್ಳಿಗಳು ಹುಳಿಯನ್ನು ಇನ್ನಷ್ಟು ತಗ್ಗಿಸುತ್ತವೆ. ಆದ್ದರಿಂದ ಸಾಸಿಗೆ ಸೇರಿಸುವ ವಿನೆಗರ್ ಕೇವಲ ರುಚಿಗಾಗಿ ಅಲ್ಲ. ಅದನ್ನು ಕಡಿಮೆ ಮಾಡಬಾರದು, ಈರುಳ್ಳಿ, ಬೆಳ್ಳುಳ್ಳಿಯ ಪ್ರಮಾಣವನ್ನು ಹೆಚ್ಚಿಸಲೂಬಾರದು.

ಹಣ್ಣಿನ ಆಯ್ಕೆ

• ಪೂರ್ಣ ಕೆಂಪಾದ, ಗಟ್ಟಿಯಾದ, ತಿರುಳು ಹೆಚ್ಚಿರುವ ಹಣ್ಣುಗಳನ್ನು ಆರಿಸಬೇಕು. ಹಸಿರು ಭಾಗವಿದ್ದರೆ ಸಾಸಿನ ಬಣ್ಣ ಕಂದಾಗುತ್ತದೆ.
• ಆಕಾರ ಕೆಟ್ಟ, ಗಾತ್ರ ಸಣ್ಣದಾದ, ಮಾರಾಟವಾಗದ ಹಣ್ಣನ್ನು ಧಾರಾಳವಾಗಿ ಬಳಸಬಹುದು. ಸಾಗಾಣಿಕೆಯಲ್ಲಿ ಒಡೆದ ಹಣ್ಣನ್ನು ಅದೇ ದಿನ ಬಳಸಬೇಕು.
• ಕೊಳೆತ ಅಥವಾ ಬೂಸ್ಟು ಹಿಡಿದ ಹಣ್ಣನ್ನು, ಕೆಟ್ಟ ಭಾಗ ಕತ್ತರಿಸಿ ತೆಗೆದರೂ, ಬಳಸಬಾರದು. ಇಂತಹ ಹಣ್ಣನ್ನು ಗೊಬ್ಬರದ ಗುಂಡಿಗೆ ಹಾಕುವುದು ಸೂಕ್ತ.

ಬೇಕಾಗುವ ಸಾಮಗ್ರಿಗಳು (10 ಕಿ.ಗ್ರಾಂ ಹಣ್ಣಿಗೆ, ಅಂದರೆ ಸುಮಾರು 8 ಕಿ.ಗ್ರಾಂ ಸೋಸಿದ ತಿರುಳಿಗೆ)

• ಸಕ್ಕರೆ: 600 ಗ್ರಾಂ
• ಉಪ್ಪು: 80 ಗ್ರಾಂ
• ಹೆಚ್ಚಿದ ಈರುಳ್ಳಿ: 400 ಗ್ರಾಂ
• ಶುಂಠಿ: 80 ಗ್ರಾಂ, ಬೆಳ್ಳುಳ್ಳಿ: 40 ಗ್ರಾಂ
• ಒಣಮೆಣಸಿನ ಪುಡಿ: 40 ಗ್ರಾಂ
• ದಾಲ್ಚಿನ್ನಿ, ಕಾಳುಮೆಣಸು, ಜೀರಿಗೆ: ತಲಾ 15 ಗ್ರಾಂ, ಲವಂಗ: 40
• ವಿನೆಗರ್ (ಕನಿಷ್ಠ ಶೇ. 4 ಅಸಿಟಿಕ್ ಆಮ್ಲವುಳ್ಳದ್ದು): 300 ಮಿ.ಲೀ.

ಬ್ಯಾಡಗಿ ಮೆಣಸಿನಕಾಯಿ ಬಳಸಿದರೆ ಖಾರ ಹೆಚ್ಚಾಗದೆ ಒಳ್ಳೆಯ ಕೆಂಪು ಬಣ್ಣ ಬರುತ್ತದೆ. ಲವಂಗದ ತುದಿಯ ಮೊಗ್ಗನ್ನು ಮುರಿದು ತೆಗೆದರೆ ಸಾಸ್ ಕಪ್ಪಾಗುವುದು ಕಡಿಮೆಯಾಗುತ್ತದೆ. ಬೆಲ್ಲ ನಮ್ಮ ಭಾಗದಲ್ಲಿ ಸುಲಭವಾಗಿ ದೊರೆತರೂ ಸಾಸಿನ ಬಣ್ಣವನ್ನು ಕೆಡಿಸುವುದರಿಂದ ಸಕ್ಕರೆಯನ್ನೇ ಬಳಸಬೇಕು.

ತಯಾರಿಸುವ ವಿಧಾನ

1. ಹಣ್ಣನ್ನು ಶುದ್ಧ ನೀರಿನಲ್ಲಿ ತೊಳೆದು, ತೊಟ್ಟಿನ ಭಾಗ ತೆಗೆದು ಹೆಚ್ಚಬೇಕು. ಹೆಚ್ಚಿದ ಕೂಡಲೇ ಸ್ಟೀಲ್ ಪಾತ್ರೆಯಲ್ಲಿ ಬಿಸಿಮಾಡಿ ಮೆತ್ತಗಾಗುವವರೆಗೆ ಬೇಯಿಸಬೇಕು. ತಡಮಾಡಿದರೆ ಹಣ್ಣಿನಲ್ಲಿರುವ ಕಿಣ್ವಗಳು ಪೆಕ್ಟಿನ್ ಅಂಶವನ್ನು ಒಡೆದು ಸಾಸ್ ನೀರಾಗುತ್ತದೆ.
2. ಬೆಂದ ಹಣ್ಣನ್ನು ಸ್ಟೀಲ್ ಜರಡಿಯಲ್ಲಿ ಉಜ್ಜಿ ಸಿಪ್ಪೆ ಮತ್ತು ಬೀಜ ಬೇರ್ಪಡಿಸಬೇಕು. ಕಬ್ಬಿಣ ಅಥವಾ ತಾಮ್ರದ ಪಾತ್ರೆ ಬಳಸಬಾರದು.
3. ಈರುಳ್ಳಿ, ಶುಂಠಿ, ಬೆಳ್ಳುಳ್ಳಿಗಳನ್ನು ಜಜ್ಜಿ, ಮಸಾಲೆ ಪದಾರ್ಥ ಹಾಗೂ ಮೆಣಸಿನ ಪುಡಿಯೊಂದಿಗೆ ತೆಳು ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಬೇಕು.
4. ತಿರುಳಿಗೆ ಸಕ್ಕರೆಯ ಮೂರನೆಯ ಒಂದು ಭಾಗ ಸೇರಿಸಿ, ಮಸಾಲೆ ಗಂಟನ್ನು ಮುಳುಗಿಸಿ, ತಳ ಹಿಡಿಯದಂತೆ ಕೈಯಾಡಿಸುತ್ತ ಕುದಿಸಬೇಕು.
5. ತಿರುಳು ಸುಮಾರು ಅರ್ಧಕ್ಕೆ ಇಳಿದಾಗ ಗಂಟನ್ನು ಹಿಂಡಿ ತೆಗೆದು, ಉಳಿದ ಸಕ್ಕರೆ ಮತ್ತು ಉಪ್ಪು ಸೇರಿಸಬೇಕು. ಉಪ್ಪನ್ನು ಮೊದಲೇ ಹಾಕಿದರೆ ಬಣ್ಣ ಮಾಸುತ್ತದೆ.
6. ಒಂದು ಹನಿಯನ್ನು ತಟ್ಟೆಯ ಮೇಲೆ ಹಾಕಿದಾಗ ಸುತ್ತಲೂ ನೀರು ಬಿಡದಿದ್ದರೆ ಹದ ಬಂದಂತೆ. ರಿಫ್ರಾಕ್ಟೋಮೀಟರ್ ಇದ್ದಲ್ಲಿ 28 ಡಿಗ್ರಿ ಬ್ರಿಕ್ಸ್ ಬರುವವರೆಗೆ ಕುದಿಸಬೇಕು.
7. ಕೊನೆಯಲ್ಲಿ ವಿನೆಗರ್ ಬೆರೆಸಿ ಒಂದೆರಡು ನಿಮಿಷ ಕುದಿಸಿ ಇಳಿಸಬೇಕು. ವಿನೆಗರನ್ನು ಮೊದಲೇ ಹಾಕಿದರೆ ಆಮ್ಲ ಆವಿಯಾಗಿ ಹೋಗುತ್ತದೆ.

ಸಂರಕ್ಷಕವಾಗಿ ಸೋಡಿಯಂ ಬೆಂಜೋಯೇಟ್ ಬಳಸುವುದಾದರೆ ಪ್ರತಿ ಕಿ.ಗ್ರಾಂ ಸಾಸಿಗೆ 0.25 ಗ್ರಾಂ ಸಾಕು. ಇದನ್ನು ಅಂದಾಜಿನಿಂದ ಹಾಕದೆ ತೂಕ ಮಾಡಿ, ಬಿಸಿ ನೀರಿನಲ್ಲಿ ಕರಗಿಸಿ ಬೆರೆಸಬೇಕು. ಸಂರಕ್ಷಕವು ಆಮ್ಲಕ್ಕಾಗಲಿ, ಬಾಟಲಿಯನ್ನು ಕುದಿಸುವುದಕ್ಕಾಗಲಿ ಬದಲಿಯಲ್ಲ.

ಬಾಟಲಿಗಳಲ್ಲಿ ತುಂಬುವುದು ಮತ್ತು ಶಾಖೋಪಚಾರ

• ಬಿರುಕಿಲ್ಲದ ಗಾಜಿನ ಬಾಟಲಿಗಳನ್ನು ತೊಳೆದು, 15 ನಿಮಿಷ ನೀರಿನಲ್ಲಿ ಕುದಿಸಿ, ಬಿಸಿಯಾಗಿರುವಾಗಲೇ ತುಂಬಬೇಕು. ತಣ್ಣನೆಯ ಬಾಟಲಿಗೆ ಬಿಸಿ ಸಾಸ್ ಸುರಿದರೆ ಗಾಜು ಒಡೆಯುತ್ತದೆ.
• ಮೇಲೆ 2 ಸೆಂ.ಮೀ. ಜಾಗ ಬಿಟ್ಟು, ಹೊಸ ಮುಚ್ಚಳ ಅಥವಾ ಕ್ರೌನ್ ಕಾರ್ಕ್ ಬಳಸಿ ಮುಚ್ಚಬೇಕು.
• ಅಗಲವಾದ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ ಬಾಟಲಿಗಳನ್ನು ನಿಲ್ಲಿಸಿ, ಮುಳುಗುವಷ್ಟು ಬಿಸಿ ನೀರು ಹಾಕಿ ಕುದಿಸಬೇಕು. ನೀರು ಕುದಿಯಲು ಆರಂಭಿಸಿದ ನಂತರ 30 ನಿಮಿಷ ಎಣಿಸಬೇಕು. ಈ ಮೂರು ತಾಲ್ಲೂಕುಗಳು ಸಮುದ್ರಮಟ್ಟದಿಂದ 500 ಮೀಟರಿಗೂ ಎತ್ತರದಲ್ಲಿದ್ದು, ನೀರು ಸುಮಾರು 98 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುವುದರಿಂದ ಸಮಯವನ್ನು ಕಡಿತ ಮಾಡಬಾರದು.
• ಬಾಟಲಿಗಳನ್ನು ಮರದ ಹಲಗೆಯ ಮೇಲಿಟ್ಟು ತಾನಾಗಿಯೇ ತಣಿಯಲು ಬಿಡಬೇಕು.

ಸಾಸ್ ಬದಲು ತಿರುಳನ್ನೇ ಕಾಯ್ದಿರಿಸುವುದು

ಸಾರು, ಪಲ್ಯಗಳಿಗೆ ಬಳಸಲು ಮಸಾಲೆ ಹಾಕದ, ಸೋಸಿದ ತಿರುಳನ್ನೇ ಬಾಟಲಿಯಲ್ಲಿಡಬಹುದು. ಇದಕ್ಕೆ ವಿನೆಗರ್ ಇಲ್ಲದ ಕಾರಣ ಪ್ರತಿ ಲೀಟರಿಗೆ ಅರ್ಧ ಚಹಾ ಚಮಚ (ಸುಮಾರು 2.5 ಗ್ರಾಂ) ಸಿಟ್ರಿಕ್ ಆಮ್ಲವನ್ನು ಕಡ್ಡಾಯವಾಗಿ ಬೆರೆಸಿ, ಕುದಿಯುವ ತಿರುಳನ್ನು ತುಂಬಿ, ಒಂದು ಲೀಟರ್ ಬಾಟಲಿಗಳನ್ನು 45 ನಿಮಿಷ ಕುದಿಸಬೇಕು.

ಸಂಗ್ರಹಣೆ ಮತ್ತು ಎಚ್ಚರಿಕೆ

ಬಾಟಲಿಗಳ ಮೇಲೆ ತಯಾರಿಸಿದ ದಿನಾಂಕ ಬರೆದು, ತಂಪಾದ, ಕತ್ತಲೆಯ ಸ್ಥಳದಲ್ಲಿಡಬೇಕು. ತೆರೆದ ಬಾಟಲಿಯನ್ನು ಫ್ರಿಜ್‌ನಲ್ಲಿಟ್ಟು ಬೇಗ ಬಳಸಿ ಮುಗಿಸಬೇಕು. ಬಾಟಲಿಯ ಕತ್ತಿನಲ್ಲಿ ಕಪ್ಪು ಉಂಗುರ ಕಂಡುಬಂದರೆ ಮಸಾಲೆಯ ಟ್ಯಾನಿನ್ ಅಂಶವು ಕಬ್ಬಿಣದೊಂದಿಗೆ ಸೇರಿರುವುದು ಸಾಮಾನ್ಯ ಕಾರಣ. ಆದರೆ ಮುಚ್ಚಳ ಉಬ್ಬಿದ್ದರೆ, ಸೋರಿದ್ದರೆ, ತೆರೆದಾಗ ನೊರೆ ಅಥವಾ ದುರ್ವಾಸನೆ ಬಂದರೆ ರುಚಿ ನೋಡದೆಯೇ ಚೆಲ್ಲಬೇಕು, ದನಕರುಗಳಿಗೂ ಹಾಕಬಾರದು. ಬೊಟುಲಿನಮ್ ವಿಷಕ್ಕೆ ವಾಸನೆಯಾಗಲಿ, ಬಣ್ಣವಾಗಲಿ ಇರಬೇಕೆಂದಿಲ್ಲ. ಆದ್ದರಿಂದ ವಿನೆಗರ್ ಅಥವಾ ಸಿಟ್ರಿಕ್ ಆಮ್ಲ ಹಾಕಲು ಮರೆತ ಬಾಟಲಿ ಚೆನ್ನಾಗಿ ಕಂಡರೂ ಬಳಸಬಾರದು.

ಮಾರಾಟ ಮಾಡುವವರಿಗೆ

ಮಾರಾಟದ ಸಾಸಿನಲ್ಲಿ ಒಟ್ಟು ಕರಗುವ ಘನಾಂಶ ಕನಿಷ್ಠ ಶೇ. 25 ಹಾಗೂ ಆಮ್ಲೀಯತೆ (ಅಸಿಟಿಕ್ ಆಮ್ಲದ ಲೆಕ್ಕದಲ್ಲಿ) ಕನಿಷ್ಠ ಶೇ. 1 ಇರಬೇಕೆಂಬುದು ಆಹಾರ ಸುರಕ್ಷತಾ ನಿಯಮ. ಆಹಾರ ಸುರಕ್ಷತಾ ನೋಂದಣಿ ಮತ್ತು ಸರಿಯಾದ ಲೇಬಲ್ ಇಲ್ಲದೆ ಮಾರಾಟ ಮಾಡಬಾರದು. ವಿಸ್ತರಣಾ ಕಾರ್ಯಕರ್ತರು ಮೊದಲ ತಯಾರಿಕೆಯ ಮಾದರಿಯ ರಸಸಾರವನ್ನು ಮಾಪಕದಿಂದ ಪರೀಕ್ಷಿಸಿಯೇ ಸ್ವಸಹಾಯ ಸಂಘಗಳಿಗೆ ಮುಂದುವರಿಯಲು ಸೂಚಿಸಬೇಕು. ತಾಂತ್ರಿಕ ಸಲಹೆಗಾಗಿ ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯ ಅಥವಾ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.