ಕಿಟ್ಟೆಲರ ಎರಡನೆಯ ಕಲಿಕೆ

ಪರಭಾಷೆಯನ್ನು ಕಲಿಯಹೊರಟವನಿಗೆ ಮೊದಲ ಎರಡು ಮೂರು ವರ್ಷಗಳ ಪಾಡೇ ದೊಡ್ಡದೆಂದು ಲೋಕದ ನಂಬಿಕೆ. ನಿಜವಾದ ಕಷ್ಟವಿರುವುದು ಆಮೇಲೆ. ಸಂತೆಯಲ್ಲಿ ಚೌಕಾಸಿ ಮಾಡಬಲ್ಲೆ, ಪತ್ರಿಕೆ ಓದಬಲ್ಲೆ, ನಾಲ್ಕು ಜನರೆದುರು ಮಾತನಾಡಬಲ್ಲೆ ಎಂಬಷ್ಟಕ್ಕೆ ಬಂದಮೇಲೆ ‘ಇನ್ನು ಸಾಕು’ ಎನಿಸಿಬಿಡುತ್ತದೆ. ನನ್ನ ಇಂಗ್ಲಿಷು ಮೂವತ್ತು ವರ್ಷಗಳಿಂದ ಆ ಮೆಟ್ಟಿಲಲ್ಲೇ ಕುಳಿತಿದೆ. ಆದುದರಿಂದಲೇ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲರ ಚರಿತ್ರೆ ನನ್ನನ್ನು ಬಿಡದೆ ಕಾಡುತ್ತದೆ.

1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಕಿಟ್ಟೆಲರು 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ನಮ್ಮ ನಾಡಿಗೆ ಬಂದರು. 1862ರ ವೇಳೆಗೆ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ‘ಕಥಾಮಾಲೆ’ಯೆಂದು ಪದ್ಯರೂಪಕ್ಕೆ ತಂದರು. ಒಂಬತ್ತು ವರ್ಷಗಳಲ್ಲಿ ಪರಭಾಷೆಯಲ್ಲಿ ಪದ್ಯ ಕಟ್ಟಿದವರು ಅಲ್ಲಿಗೇ ನಿಂತಿದ್ದರೆ ಆಕ್ಷೇಪಿಸುವವರಾರು?

ಅವರು ನಿಲ್ಲಲಿಲ್ಲ. ಮತ್ತೆ ವಿದ್ಯಾರ್ಥಿಯಾಗಿ, ಹದಿಮೂರನೆಯ ಶತಮಾನದ ಕೇಶಿರಾಜನ ಮುಂದೆ ಕುಳಿತರು. 1872ರಲ್ಲಿ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದರು. ಇದರಿಂದ ಏನು ದೊರೆಯಿತೆಂಬುದಕ್ಕೆ ಒಂದೇ ಅಕ್ಷರದ ನಿದರ್ಶನ ಸಾಕು. ಹಳಗನ್ನಡದ ೞಕಾರ ಜನರ ಬಾಯಿಂದ ಎಂದೋ ಮರೆಯಾಗಿತ್ತು. ಮಾತಿಗೆ ‘ಮಳೆ’ ಸಾಕು, ‘ಏಳು’ ಸಾಕು. ಆದರೆ ಅವು ಹಿಂದೆ ಮೞೆ, ಏೞು ಆಗಿದ್ದುವೆಂದು ತಿಳಿದವನಿಗೆ ಮಾತ್ರ ತಮಿಳಿನ ಅದೇ ಪದಗಳ ನಂಟು ಕಾಣುತ್ತದೆ. ಕೇಶಿರಾಜನು ೞಕಾರವುಳ್ಳ ಶಬ್ದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ನಾವು ಪರೀಕ್ಷೆಗೆಂದು ಉರುಹೊಡೆದು ಮರೆತ ಆ ಭೇದವನ್ನು ಕಿಟ್ಟೆಲರು ತಮ್ಮ ನಿಘಂಟಿನ ಉದ್ದಕ್ಕೂ ಕಾಪಾಡಿದ್ದಾರೆ. ತಮಿಳು, ತೆಲುಗು, ಮಲೆಯಾಳ, ತುಳುಗಳ ಸಜಾತೀಯ ಪದಗಳನ್ನೂ ಪಕ್ಕದಲ್ಲಿಟ್ಟಿದ್ದಾರೆ.

ಹಾಗೆಂದು ಅವರದು ಬರಿಯ ಓಲೆಗರಿಯ ಪಾಂಡಿತ್ಯವಲ್ಲ. ನಿಘಂಟಿನಲ್ಲಿ ಹೆಜ್ಜೆಹೆಜ್ಜೆಗೂ ಗಾದೆಗಳುಂಟು. ಪರಭಾಷೆಯವನಿಗೆ ಕೊನೆಗೆ ಒಲಿಯುವುದು ಗಾದೆಯೇ. ‘ಹಿತ್ತಲ ಗಿಡ ಮದ್ದಲ್ಲ’ ಎಂಬಲ್ಲಿ ತಿಳಿಯದ ಶಬ್ದ ಯಾವುದಿದೆ? ಆದರೂ ಯಾರು, ಯಾರನ್ನು ಕುರಿತು, ಯಾವ ದನಿಯಲ್ಲಿ ಹೇಳಿದರೆಂದು ಕೇಳಿದ ಕಿವಿಗಲ್ಲದೆ ಅದರ ಕುಟುಕು ತಾಕದು. (ನಮ್ಮ ಮಕ್ಕಳಿಗೇ ಈಗ ಗಾದೆಗೆ ಅರ್ಥ ಬರೆಸಬೇಕಾಗಿದೆ, ಆ ಮಾತು ಇರಲಿ.)

1877ರಲ್ಲಿ ಸ್ವದೇಶಕ್ಕೆ ಮರಳಿದವರು 1883ರಲ್ಲಿ ನಿಘಂಟಿನ ಕೆಲಸಕ್ಕಾಗಿ ಮತ್ತೆ ಬಂದರು. ಆಗ ಅವರ ವಯಸ್ಸು 51. ಆ ವಯಸ್ಸನ್ನು ದಾಟಿದ ನನಗೆ ಕನ್ನಡಕ ಬದಲಿಸುವುದೇ ಒಂದು ಸಾಹಸ. ಅವರು ಸಮುದ್ರ ದಾಟಿ, ತಾವು ಆಗಲೇ ಬಲ್ಲ ಭಾಷೆಯನ್ನು ವಿಚಾರಿಸಲು ಬಂದರು. 1892ರವರೆಗೂ ಇಲ್ಲಿದ್ದರು. 1894ರಲ್ಲಿ ಮಂಗಳೂರಿನಲ್ಲಿ ಹೊರಬಿದ್ದ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ 1,700ಕ್ಕೂ ಹೆಚ್ಚು ಪುಟಗಳು, ಸುಮಾರು 70,000 ಶಬ್ದಗಳು.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟನ್ನಿತ್ತಿತು. ಮುದುಕರು ಅಷ್ಟಕ್ಕೂ ಸುಮ್ಮನಿರಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದರು. ಅದು 1903ರಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು.