‘ಜಾರಿ’ಯಿಂದ ‘ಮೌಂಟ್’ವರೆಗೆ: ಯಾದಗಿರಿ ಸೀಮೆಯ ಕಚೇರಿ ಕನ್ನಡ ಮತ್ತು ಗಣಕದೊಳಗಿನ ಕೈಪಿಡಿ

ಯುನಿಕ್ಸ್ ವ್ಯವಸ್ಥೆಯ ಮೊದಲ ಕೈಪಿಡಿ 1971ರ ನವೆಂಬರ್ 3ರ ದಿನಾಂಕವನ್ನು ಹೊತ್ತು ಬೆಲ್ ಪ್ರಯೋಗಾಲಯದಿಂದ ಹೊರಬಂದಿತು. ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅದರ ಕರ್ತೃಗಳು. ಕೆಲವೇ ವರ್ಷಗಳಲ್ಲಿ ಅದು ಯಂತ್ರದೊಳಗೇ ಸೇರಿಕೊಂಡಿತು. ನಿರ್ವಾಹಕನು ‘ಮ್ಯಾನ್’ ಎಂದು ಬರೆದು ಮುಂದೆ ಬೇಕಾದ ಆದೇಶದ ಹೆಸರನ್ನಿಟ್ಟರೆ ಆ ಪುಟ ತೆರೆಯ ಮೇಲೆ ಮೂಡುತ್ತದೆ. ಇಂದಿನ ಲಿನಕ್ಸ್‌ನಲ್ಲಿ ವ್ಯವಸ್ಥೆಯ ನಿರ್ವಹಣೆಗೆ ಎಂಟನೆಯ ವಿಭಾಗ ಮೀಸಲಾಗಿದೆ. ಪ್ರತಿ ಪುಟಕ್ಕೂ ಹೆಸರು, ಪ್ರಯೋಗರೂಪ, ವಿವರಣೆ ಎಂಬ ನಿಶ್ಚಿತ ಶೀರ್ಷಿಕೆಗಳುಂಟು. ‘ದೋಷಗಳು’ ಎಂಬ ಶೀರ್ಷಿಕೆಯೂ ಆರಂಭದಿಂದಲೇ ಇದೆ. ತನ್ನ ಕುಂದನ್ನು ತಾನೇ ಬರೆದಿಡುವ ಕೈಪಿಡಿ ನಮ್ಮ ಕಚೇರಿಗಳಲ್ಲಿ ಅಪರೂಪ.

ಜರ್ಮನ್, ಫ್ರೆಂಚ್, ಜಪಾನೀ ಭಾಷೆಗಳಿಗೆ ಈ ಪುಟಗಳು ಅನುವಾದಗೊಂಡಿವೆ. ಕನ್ನಡದಲ್ಲಿ ಡೆಸ್ಕ್‌ಟಾಪಿನ ಪಟ್ಟಿಗಳು ಬಂದವು, ಕೈಪಿಡಿ ಇಂಗ್ಲಿಷಿನಲ್ಲೇ ಉಳಿಯಿತು. ಪದಗಳ ಕೊರತೆಯೇ ಇದಕ್ಕೆ ಕಾರಣವೆಂಬ ಸಮಾಧಾನವನ್ನು ಯಾದಗಿರಿ, ಶಹಾಪುರ, ಸುರಪುರಗಳ ಕಚೇರಿ ಭಾಷೆಯ ಚರಿತ್ರೆ ಒಪ್ಪುವುದಿಲ್ಲ.

1858ರ ಬಂಡಾಯದ ತರುವಾಯ, 1860ರಲ್ಲಿ, ಸುರಪುರ ಸಂಸ್ಥಾನವು ನಿಜಾಮರ ವಶವಾಯಿತು. ಹೈದರಾಬಾದಿನ ಆಡಳಿತದಲ್ಲಿ 1880ರ ದಶಕದಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದಿತು. 1956ರ ನವೆಂಬರ್ 1ರವರೆಗೂ ಈ ಸೀಮೆಯ ರೈತ ಮನೆಯಲ್ಲಿ ಕನ್ನಡವನ್ನೂ ಕಚೇರಿಯಲ್ಲಿ ಉರ್ದುವನ್ನೂ ಎದುರಿಸಿದನು. ಆ ಒತ್ತಡದಲ್ಲಿ ಕನ್ನಡವು ಪರಭಾಷೆಯ ಕ್ರಿಯಾರೂಪಗಳನ್ನು ಹಾಗೆಯೇ ಎತ್ತಿಕೊಳ್ಳಲಿಲ್ಲ. ಹೊರಗಿನ ಪದವನ್ನು ನಾಮವಾಗಿ ನಿಲ್ಲಿಸಿ, ಅದಕ್ಕೆ ತನ್ನ ‘ಮಾಡು’, ‘ಆಗು’ಗಳನ್ನು ಹಚ್ಚಿತು. ಮಂಜೂರು ಮಾಡು, ಮಂಜೂರು ಆಗು. ವಜಾ ಮಾಡು, ವಜಾ ಆಗು. ಅರಬ್ಬಿಯಲ್ಲಿ ‘ಹರಿಯುತ್ತಿರುವ’ ಎಂಬರ್ಥದ ‘ಜಾರಿ’ ಇಲ್ಲಿ ಆದೇಶದ ಚಾಲ್ತಿಯನ್ನು ಸೂಚಿಸಿತು. ಇದು ಈ ಸೀಮೆಯೊಂದರದೇ ರೂಢಿಯಲ್ಲ, ಆದರೆ ಇಲ್ಲಿ ಅದರ ಬಳಕೆ ದಟ್ಟವಾಗಿದೆ.

ಗಣಕ ಬಂದಾಗ ಅದೇ ಅಚ್ಚು ಮರಳಿ ಕೆಲಸಕ್ಕೆ ನಿಂತಿತು. ‘ಭೂಮಿ’ ಯೋಜನೆಯು ಪಹಣಿಯನ್ನು ಗಣಕಕ್ಕೆ ತಂದ ಮೇಲೆ ತಾಲ್ಲೂಕು ಕಚೇರಿಗಳಲ್ಲಿ ‘ದಾಖಲು ಮಾಡು’ ಎಂಬುದರ ಪಕ್ಕದಲ್ಲೇ ‘ಲಾಗಿನ್ ಮಾಡು’ ಸಹಜವಾಯಿತು. ಕೈಪಿಡಿಯ ಅನುವಾದಕನಿಗೆ ಈ ಜೋಡಿ ಬಹು ಉಪಯುಕ್ತ. ‘ಮೌಂಟ್ ಮಾಡು’ ಕ್ರಿಯೆ, ‘ಮೌಂಟ್ ಆಗಿದೆ’ ಸ್ಥಿತಿ. ಇಂಗ್ಲಿಷಿನಲ್ಲಿ ಒಂದೇ ರೂಪ ಎರಡು ಕೆಲಸ ಮಾಡುವೆಡೆ ಕನ್ನಡ ಇವನ್ನು ಬೇರ್ಪಡಿಸುತ್ತದೆ. ನಡೆಯುತ್ತಿರುವ ಪ್ರಕ್ರಿಯೆಗೆ ‘ಜಾರಿಯಲ್ಲಿದೆ’ ಎಂದರೆ ಸುರಪುರದ ಗುಮಾಸ್ತನಿಗೆ ಹೊಸ ಪಾಠ ಬೇಡ. ‘ನಿರ್ವಹಣಾಧೀನ’ ಎಂಬ ಸಂಸ್ಕೃತ ಸಮಾಸಕ್ಕೆ ಬೇಕಾದೀತು.

ನಿಜವಾದ ತೊಡಕು ವಿಧಿರೂಪದ್ದು. ‘ಹೆಸರು’ ಶೀರ್ಷಿಕೆಯ ಕೆಳಗೆ ಇಂಗ್ಲಿಷಿನ ಬರಿಯ ಧಾತು ಸಾಕಾಗುತ್ತದೆ. ಕನ್ನಡದಲ್ಲಿ ‘ಮಾಡು’ ಎಂದರೆ ಏಕವಚನದ ಆಜ್ಞೆ, ‘ಮಾಡಿರಿ’ ಎಂದರೆ ಗೌರವ, ‘ಮಾಡುತ್ತದೆ’ ಎಂದರೆ ಆದೇಶವೇ ಕರ್ತೃ. ಡೆಸ್ಕ್‌ಟಾಪಿನ ‘ಉಳಿಸು’, ‘ತೆರೆ’ಗಳು ಮನುಷ್ಯ ಯಂತ್ರಕ್ಕೆ ಆಡುವ ಮಾತು, ಅಲ್ಲಿ ಏಕವಚನ ಸಲ್ಲುತ್ತದೆ. ಕೈಪಿಡಿ ನಿರ್ವಾಹಕನೊಡನೆ ಮಾತನಾಡುತ್ತದೆ. ಎಳೆಯರೊಡನೆಯೂ ‘ನೋಡ್ರಿ’, ‘ಮಾಡ್ರಿ’ ಎನ್ನುವ ಸೀಮೆಯಲ್ಲಿ ಅದು ‘ಮಾಡು’ ಎನ್ನಲಾಗದು. ವ್ಯಾಖ್ಯೆಗೆ ‘ಮಾಡುತ್ತದೆ’, ಸೂಚನೆಗೆ ‘ಮಾಡಿರಿ’ ಎಂಬುದು ನನ್ನ ಆಯ್ಕೆ.

ಇಷ್ಟಾದರೂ ಲಿಪಿಯ ತಡೆ ಉಳಿಯುತ್ತದೆ. ಲಿನಕ್ಸ್‌ನ ಪಠ್ಯತೆರೆಯು ಸಮ ಅಳತೆಯ ಮನೆಗಳ ಚೌಕಟ್ಟು. ಅದರ ಅಕ್ಷರಕೋಶದಲ್ಲಿ ಹೆಚ್ಚೆಂದರೆ 512 ರೂಪಗಳಿಗೆ ಜಾಗ, ಒತ್ತಕ್ಷರವನ್ನು ಕೂಡಿಸುವ ವ್ಯವಸ್ಥೆಯಿಲ್ಲ. ‘ದಫ್ತರ’ದಲ್ಲಿ ಯುನಿಕೋಡಿನ ಐದು ಸಂಕೇತಗಳಿವೆ, ಅಕ್ಷರಗಳು ಮೂರೇ, ‘ಫ್ತ’ವನ್ನು ಒಂದೇ ಅಕ್ಷರವಾಗಿ ಹಿಡಿಯುವ ಮನೆ ಅಲ್ಲಿಲ್ಲ. ಚಿತ್ರಾತ್ಮಕ ತೆರೆ ಕೆಟ್ಟು ಯಂತ್ರ ಅರ್ಧಕ್ಕೆ ನಿಂತಾಗ ನಿರ್ವಾಹಕನಿಗೆ ಉಳಿಯುವುದು ಈ ಪಠ್ಯತೆರೆಯೊಂದೇ. ಎಂಟನೆಯ ವಿಭಾಗವನ್ನು ಅವನು ಅತ್ಯಂತ ಆತುರದಿಂದ ತೆರೆಯುವುದೂ ಆಗಲೇ.