ಶೌರ್ಯದ ನಾಡಿನಲ್ಲಿ ಶೃಂಗಾರದ ಆಟ

ಕಿತ್ತೂರೆಂಬ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗನ ಚಿತ್ತವು, ಆಂಗ್ಲ ಅಧಿಕಾರಿ ಥ್ಯಾಕರೆಯು ಕೋಟೆಯ ಮುಂದೆ ಮಡಿದ 1824ರ ಅಕ್ಟೋಬರ್ 23ರ ಕದನದತ್ತಲೂ, ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ದೇಹವಿಟ್ಟ ರಾಣಿ ಚನ್ನಮ್ಮನ ಸಮಾಧಿಯತ್ತಲೂ, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಸ್ಮರಣೆಯತ್ತಲೂ ಧಾವಿಸುವುದು ಸಹಜವೇ ಸರಿ. ಆದರೆ ಈ ವೀರಭೂಮಿಯ ಜನರು ಖಡ್ಗದ ಕಥೆಯನ್ನು ಯಾವ ಅಕ್ಕರೆಯಿಂದ ಕೇಳಿದರೋ ಅದೇ ಅಕ್ಕರೆಯಿಂದ ಪ್ರಣಯದ ಕಥೆಯನ್ನೂ ಕೇಳಿದರೆಂಬುದು, ಇಲ್ಲಿನ ಲಾವಣಿ ಹಾಗೂ ಬಯಲಾಟಗಳ ಗತಕಾಲವನ್ನು ಪರಿಶೀಲಿಸಿದವರಿಗೆ ಸ್ಪಷ್ಟವಾಗದೆ ಇರದು.

ಮೊದಲು ದೊಡ್ಡಾಟವನ್ನು ನೋಡೋಣ. ಸುಗ್ಗಿ ಮುಗಿದು ಕಣಗಳು ಬರಿದಾದ ಮೇಲೆ, ಊರ ಬಯಲಿನಲ್ಲಿ ಕಟ್ಟಿದ ಅಟ್ಟದ ಮೇಲೆ, ಗಣಪತಿಯ ಸ್ತುತಿಯಾಗಿ ಆಟವನ್ನು ನಡೆಸುವ ಸಾರಥಿಯು ಮಾತಿಗೆ ತೊಡಗಿದನೆಂದರೆ, ಹಗಲೆಲ್ಲ ಎತ್ತಿನ ಹಿಂದೆ ನಡೆದ ಒಕ್ಕಲಿಗನೇ ಕಿರೀಟ, ಭುಜಕೀರ್ತಿ, ಕಾಲ್ಗೆಜ್ಜೆಗಳನ್ನು ಧರಿಸಿ, ಅಟ್ಟದ ಹಲಗೆಗಳು ನಡುಗುವಂತೆ ಹೆಜ್ಜೆಯಿಟ್ಟು, ಭೀಮನೋ ಬಬ್ರುವಾಹನನೋ ಆಗಿ ಮಾರ್ಪಡುವನು. ಪರ್ವತವನ್ನೆತ್ತುವ ಬಾಹುಗಳು, ಸಹಸ್ರವಾಗಿ ಸಿಡಿಯುವ ಬಾಣಗಳು, ಪಾತಾಳಕ್ಕೂ ಸ್ವರ್ಗಕ್ಕೂ ಕ್ಷಣಾರ್ಧದಲ್ಲಿ ನಡೆಯುವ ಪಯಣಗಳು: ಮನುಷ್ಯನ ಮಿತಿಯನ್ನು ಮೀರಿದ ಎಲ್ಲವೂ ಅಲ್ಲಿ ಸಲ್ಲುವುದು. ಅದ್ಭುತರಸದ ಹಸಿವಿಗೆ ನಮ್ಮ ಹಳ್ಳಿಗಳು ಶತಮಾನಗಳಿಂದ ಬಡಿಸುತ್ತ ಬಂದ ಊಟವದು.

ಇತಿಹಾಸದ ಪುರುಷರನ್ನೂ ಈ ಹಸಿವು ಬಿಡಲಿಲ್ಲ. ಬೀಡಿ, ಸಂಪಗಾಂವಿಗಳ ಸರಕಾರಿ ಕಚೇರಿಗಳ ಮೇಲೆ ಎರಗಿ, ಕಾಡಿನಿಂದ ಕಾಡಿಗೆ ಸಂಚರಿಸಿ ಕಂಪನಿ ಸರಕಾರವನ್ನು ಕಂಗೆಡಿಸಿದ ರಾಯಣ್ಣನು ಲಾವಣಿಕಾರರ ಕಂಠದಲ್ಲಿ ನೆಲೆನಿಂತನು. ನಂದಗಡದ ಆತನ ಸಮಾಧಿಯ ಆಲದ ಮರಕ್ಕೆ ಇಂದಿಗೂ ಸಂತಾನಾರ್ಥಿಗಳು ತೊಟ್ಟಿಲು ಕಟ್ಟಿ ಹರಕೆ ಹೊರುವರೆಂದ ಮೇಲೆ, ವೀರನು ದೈವವಾಗುವುದಕ್ಕೆ ಬೇರೆ ಪ್ರಮಾಣವೇಕೆ?

ಚನ್ನಮ್ಮನು ದೇಹವಿಟ್ಟ ಬೈಲಹೊಂಗಲದ ಮಣ್ಣಿನಲ್ಲಿಯೇ ಮತ್ತೊಂದು ಬಗೆಯ ಕಥೆ ಹುಟ್ಟಿತು. ಈರ್ಯಾನ ಹೆಂಡತಿಯಾದ ಗಂಗಿಯಲ್ಲಿ ಮನಸ್ಸಿಟ್ಟ ಸಂಗ್ಯಾ, ಪ್ರಾಣಸ್ನೇಹಿತನಾಗಿದ್ದೂ ಕೊನೆಗೆ ಆತನನ್ನು ಕೈಬಿಟ್ಟ ಬಾಳ್ಯಾ, ಸೇಡಿನ ಕೊಲೆ: ಈ ದುರಂತವನ್ನು ಬೈಲಹೊಂಗಲದ ಪತ್ತಾರ ಮಾಸ್ತರರು ಸಣ್ಣಾಟವಾಗಿ ಕಟ್ಟಿದರೆಂಬುದು ನಾಡಿನಲ್ಲೆಲ್ಲ ಪ್ರತೀತಿ. ಇಲ್ಲಿ ಕಿರೀಟವಿಲ್ಲ, ಭುಜಕೀರ್ತಿಯಿಲ್ಲ. ರುಮಾಲು, ಧೋತರ, ಇಳಕಲ್ ಸೀರೆಗಳೇ ವೇಷ. ಫ್ಲೀಟ್ ಎಂಬ ಆಂಗ್ಲ ವಿದ್ವಾಂಸನು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ರಾಯಣ್ಣನ ದಂಗೆಯೂ ಸಂಗ್ಯಾನ ಸಾವೂ ಒಂದೇ ಮಾಲೆಯಲ್ಲಿ ಸೇರಿಕೊಂಡಿರುವುದು ಅರ್ಥಪೂರ್ಣವಾಗಿದೆ, ಅವೆರಡೂ ಒಂದೇ ಜನದ ನಾಲಗೆಯ ಮೇಲಿದ್ದುವು.

ಈ ಎರಡು ಧಾರೆಗಳು ಸಂಗಮಿಸಿದ ಆಟವೆಂದರೆ ‘ಶ್ರೀಕೃಷ್ಣ ಪಾರಿಜಾತ’. ಅಪರಾಳ ತಮ್ಮಣ್ಣನು ರಚಿಸಿದ ಕೃತಿಯನ್ನು ಗೋಕಾವಿ ಸೀಮೆಯ ಕುಲಗೋಡ ತಮ್ಮಣ್ಣನು ಹತ್ತೊಂಬತ್ತನೆಯ ಶತಮಾನದಲ್ಲಿ ರಂಗಕ್ಕೆ ತಕ್ಕಂತೆ ತಿದ್ದಿ ಬೆಳೆಸಿದನು. ಮುಂದೆ ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು ಅದಕ್ಕೆ ನಾಡವರ ಮನ್ನಣೆಯನ್ನು ಗಳಿಸಿಕೊಟ್ಟರು. ಪುರಾಣದ ಕೃಷ್ಣನು ನರಕಾಸುರನನ್ನು ಕೊಂದು, ಗರುಡನನ್ನೇರಿ ಅಂತರಿಕ್ಷದಲ್ಲಿ ಸಾಗಿ, ದೇವೇಂದ್ರನನ್ನೇ ಗೆದ್ದು ಪಾರಿಜಾತ ವೃಕ್ಷವನ್ನು ಭೂಮಿಗೆ ತಂದ ಅತಿಮಾನುಷ ವೀರನು. ಆಟವಾದರೋ ಆ ಯುದ್ಧಗಳ ಬಳಿ ಹೆಚ್ಚು ಹೊತ್ತು ನಿಲ್ಲದೆ, ನಾರದನು ತಂದ ಒಂದೇ ಒಂದು ಹೂವು ರುಕ್ಮಿಣಿಯ ಪಾಲಾಯಿತೆಂದು ಮುನಿದು ಮಲಗಿದ ಸತ್ಯಭಾಮೆಯ ಅಂತಃಪುರದಲ್ಲಿ ತಂಗುವುದು. ಹಿಮ್ಮೇಳದ ಭಾಗವತನೇ ದೂತಿಯಾಗಿ ಮುಂದೆ ಬಂದು ಭಾಮೆಯನ್ನು ಮಾತಿಗೆಳೆಯುವನು. ಆಕೆಯ ಬಿಂಕ, ಅಳಲು, ವಿರಹಗಳು ಒಂದೊಂದಾಗಿ ಪದವಾಗಿ ಹೊರಹೊಮ್ಮುವುವು. ಬೆಟ್ಟವನ್ನು ಕಿರುಬೆರಳಲ್ಲಿ ಎತ್ತಿದವನು ಹೆಂಡತಿಯ ಮುನಿಸಿನ ಮುಂದೆ ನಿರುಪಾಯನಾಗಿ ನಿಲ್ಲುವನು.

ಈ ಮಾತು ಇಂದಿನ ಓದಿಗೂ ಸಲ್ಲುವುದು. ಗ್ರಹಾಂತರಯಾನಗಳ, ಯಂತ್ರಮಾನವರ, ಭವಿಷ್ಯಲೋಕಗಳ ಕಥೆಗಳಲ್ಲಿ ರುಚಿ ಬಲಿತ ವಿಜ್ಞಾನಕಥೆಯ ಅಭಿಮಾನಿಯು, ಮಹಾಬಲದ ನಾಯಕನೊಬ್ಬನ ಪ್ರಣಯಕಾದಂಬರಿಯನ್ನು ಓದಿ ಸುಖಿಸಿದಾಗ, ಅದು ಅಭಿರುಚಿಯ ಇಳಿತವೆಂದು ಮೂಗು ಮುರಿಯುವವರುಂಟು. ಅವರು ಪಾರಿಜಾತದ ಪ್ರೇಕ್ಷಕನನ್ನು ನೆನೆಯಬೇಕು. ಮೊನ್ನೆ ದೊಡ್ಡಾಟದಲ್ಲಿ ಅಸ್ತ್ರಗಳ ಆರ್ಭಟಕ್ಕೆ ತಲೆದೂಗಿದವನೇ ಇಂದು ಭಾಮೆಯ ಕಣ್ಣೀರಿಗೆ ಕರಗುವನು. ಅದರಿಂದ ಆತನ ವೀರಾಭಿಮಾನವು ಕುಂದುವುದಿಲ್ಲ. ಅಮೆರಿಕದಲ್ಲಿ 1938ರಲ್ಲಿ ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ಸಂಚಿಕೆಯಲ್ಲಿಯೇ ಲೋಯಿಸ್ ಲೇನ್ ಎಂಬ ತರುಣಿಯೂ ಕಾಣಿಸಿಕೊಂಡಳು. ಅನ್ಯಗ್ರಹದಿಂದ ಬಂದ ಆ ಬಲಶಾಲಿಗೂ ಮನುಷ್ಯಲೋಕದಲ್ಲಿ ಒಂದು ಹೃದಯದ ನಂಟು ಬೇಕಾಯಿತು.

ಇದರ ಕಾರಣವು ಗಹನವಾದುದಲ್ಲ. ಎಲ್ಲವನ್ನೂ ಗೆಲ್ಲಬಲ್ಲವನ ಕಥೆಯಲ್ಲಿ, ಮುಂದೇನಾಗುವುದೋ ಎಂಬ ಆತಂಕಕ್ಕೆ ಎಡೆಯಿರಬೇಕಾದರೆ, ಬಲದಿಂದ ಗೆಲ್ಲಲಾಗದ ವಸ್ತುವೊಂದು ಅವನ ಎದುರಿಗಿರಬೇಕು. ಒಲವು ಅಂಥ ವಸ್ತು. ಅದ್ಭುತವು ನಾಯಕನನ್ನು ನಮ್ಮಿಂದ ದೂರಕ್ಕೊಯ್ದರೆ ಶೃಂಗಾರವು ಅವನನ್ನು ಮರಳಿ ನಮ್ಮ ನಡುವಣವನನ್ನಾಗಿ ಮಾಡುವುದು. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಸೀಮೆಯ ಪ್ರೇಕ್ಷಕರು ಈ ತತ್ತ್ವವನ್ನು ಯಾವ ಅಲಂಕಾರಶಾಸ್ತ್ರದಿಂದಲೂ ಕಲಿಯಲಿಲ್ಲ. ರಾತ್ರಿಯಿಡೀ ಬಯಲಿನಲ್ಲಿ ಕುಳಿತು ತಮ್ಮ ಹೃದಯದಿಂದಲೇ ಅರಿತರು. ಅವರ ರಸಿಕತೆಯು ವಿಶಾಲವಾದುದು, ಮತ್ತು ಇಂದಿನ ವಾಚಕನು ಹೆಮ್ಮೆಯಿಂದ ಸ್ವೀಕರಿಸತಕ್ಕ ಪಿತ್ರಾರ್ಜಿತವದು.